ಮಂಗಳನ ಮನೆಗೊಬ್ಬಳು ಅತ್ತೆ

ಈ ಏಪ್ರಿಲ್‌ನಲ್ಲಿ ನಾವು ಮೊದಲು ವಾಸವಿದ್ದ ಕ್ಯಾರಿ ಊರಿಗೆ ಹೋದಾಗ ಕಾರಿನಿಂದ ಇಳಿಯುವ ಮೊದಲೇ ಸೀನು ಬಂತು. ಪೈನ್ ಮರಗಳು ಪರಾಗ ಉದುರಿಸುವ ಕಾಲ. ರಸ್ತೆ, ಮೇಲ್‌ಬಾಕ್ಸು, ಡ್ರೈವ್‌ವೇಯಲ್ಲಿ ನಿಂತ ಕಾರುಗಳು, ಎಲ್ಲದರ ಮೇಲೂ ಯಾರೋ ಅರಿಶಿನದ ಡಬ್ಬಿ ಕವುಚಿದ ಹಾಗೆ ಹಳದಿ ಪುಡಿ. ನಾನು ಹೋಗಿದ್ದು ಇರ್ಫಾನನ ಮನೆಗೆ. ಬೆಲ್ ಒತ್ತುವ ಮೊದಲು ಅವನ ಕಾರಿನ ಗಾಜಿನ ಮೇಲೆ ಬೆರಳೆಳೆದು ನೋಡಿದೆ. ಒಂದು ಗೆರೆ ಮೂಡಿತು. ೨೦೨೨ರ ಬೇಸಿಗೆ ಪೂರ್ತಿ ಆ ಗೆರೆಯ ಹಿಂದೆ ಎದ್ದು ಬಂತು.

ಆ ವರ್ಷವೂ ನಾವಿಬ್ಬರೂ ಧೂಳನ್ನೇ ಕಾಯುತ್ತಾ ಕೂತಿದ್ದೆವು. ಅದು ಮಂಗಳ ಗ್ರಹದ ಧೂಳು. ಅಲ್ಲಿ ಇಳಿದಿದ್ದ ಯಂತ್ರವೊಂದು ನೆಲಕ್ಕೆ ಕಿವಿಗೊಟ್ಟು ಕೂತು, ಅಲ್ಲಿನ ಕಂಪನಗಳನ್ನು ಕೇಳಿಸಿಕೊಂಡು ನಮಗೆ ಕಳಿಸುತ್ತಿತ್ತು. ಅದರ ಸೌರಫಲಕಗಳ ಮೇಲೆ ಧೂಳು ಕೂತೂ ಕೂತೂ ಶಕ್ತಿ ಕುಂದುತ್ತಾ ಬಂದಿತ್ತು. ಹೋಗಿ ಒರೆಸಿ ಬರುವವರು ಯಾರು? ವರ್ಷ ಕಳೆಯುವುದರೊಳಗೆ ಅದು ಮಾತು ನಿಲ್ಲಿಸುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಹೊಸ ಸಾಕ್ಷಿ ಇಲ್ಲ. ಇರುವುದರಲ್ಲೇ ಗ್ರಹದ ಒಳಗೇನಿದೆ ಎಂದು ಹೇಳಬೇಕು.

ಕಲ್ಲಂಗಡಿ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ನಮ್ಮ ಕೆಲಸವೂ ಹೆಚ್ಚುಕಮ್ಮಿ ಅದೇ. ಆದರೆ ಇಲ್ಲಿ ತಟ್ಟುವುದು ನಮ್ಮ ಕೈಲಿಲ್ಲ. ಗ್ರಹದೊಳಗೆ ಎಲ್ಲೋ ಕಲ್ಲು ಬಿರಿದು ಅಲೆ ಎದ್ದಾಗ, ಅದು ಆಳಕ್ಕೆ ಇಳಿದು, ತಿರುಳಿಗೆ ಬಡಿದು, ಮರಳಿ ಬರುವ ಸದ್ದನ್ನು ಹಿಡಿಯಬೇಕು. ಆ ಸದ್ದು ಎಷ್ಟು ಸಣ್ಣದೆಂದರೆ, ಮಂಗಳದ ಗಾಳಿ ಯಂತ್ರವನ್ನು ಸವರಿದರೂ ಸಾಕು, ಮುಳುಗಿಹೋಗುತ್ತದೆ. ಸಂಜೆ ತಣ್ಣಗಾಗುವಾಗ ಯಂತ್ರದ ಲೋಹವೇ ಕುಗ್ಗಿ ಟಿಕ್ ಅನ್ನುತ್ತದೆ. ಅದೂ ಕಂಪನದ ಹಾಗೇ ಕಾಣುತ್ತದೆ. ಆದ್ದರಿಂದ ಈ ಕಸುಬಿನಲ್ಲಿ ಮೊದಲು ಕಲಿಯುವ ಪಾಠ ಅನುಮಾನ.

ಅದನ್ನು ನಾನು ಕಲಿಯಬೇಕಾಗಿರಲಿಲ್ಲ. ನಾನು ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಲ್ಲಿ. ನೆಲ ನಡುಗಿ ಪಾತ್ರೆ ಸದ್ದಾದರೆ ನಮ್ಮಲ್ಲಿ ಯಾರೂ ಭೂಕಂಪ ಅನ್ನುತ್ತಿರಲಿಲ್ಲ. ಅಮ್ಮ ಸೌಟು ಕೆಳಗಿಟ್ಟು "ಯಾವ ಗಣೀದು?" ಎಂದು ಕೇಳುತ್ತಿದ್ದಳು. ಶತಮಾನದಷ್ಟು ಕಾಲ ಅಗೆದು ಟೊಳ್ಳು ಮಾಡಿದ ನೆಲದಡಿ ಬಂಡೆ ಸಿಡಿಯುತ್ತಿತ್ತು. ಗಣಿ ಮುಚ್ಚಿದ ಮೇಲೂ ಸಿಡಿಯುತ್ತಿತ್ತು. ನೆಲ ಅಲ್ಲಾಡಿದರೆ ಮೊದಲು ಮನುಷ್ಯರ ಕೈವಾಡ ಹುಡುಕು, ಭೂಮಿಯ ಮೇಲೆ ಆಮೇಲೆ ಹೊರಿಸು ಎಂಬುದು ನನ್ನ ಮೈಗೆ ಹತ್ತಿದ ಬುದ್ಧಿ. ನನ್ನ ಗಂಡ ಸತೀಶ ಇದನ್ನು ರೋಗ ಅನ್ನುತ್ತಾನೆ. "ನಾನು ಹಾಲು ತಂದಿದೀನಿ ಅಂದ್ರೂ ನೀನು ಫ್ರಿಜ್ ತೆಗ್ದು ನೋಡ್ತೀಯಲ್ಲೇ" ಎಂದು ಅವನ ದೂರು. ನೋಡುತ್ತೇನೆ. ಎಷ್ಟೋ ಸಲ ಹಾಲು ಇರುವುದಿಲ್ಲ.

ಸತೀಶನ ಕೆಲಸ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಇದ್ದುದರಿಂದ ನಾವು ಆಗ ಕ್ಯಾರಿಯಲ್ಲಿದ್ದೆವು. ನನ್ನ ತಂಡ ಇದ್ದದ್ದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನಲ್ಲಿ. ಕೋವಿಡ್ ಪುಣ್ಯದಿಂದ ಮನೆಯಿಂದಲೇ ಕೆಲಸ, ಆಗೊಮ್ಮೆ ಈಗೊಮ್ಮೆ ಉತ್ತರಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಮುಖ ತೋರಿಸಿ ಬರುತ್ತಿದ್ದೆ. ತಂಡದ ಮುಖ್ಯಸ್ಥೆ ಡಯಾನ್, ಮಿತಭಾಷಿ, ಹೊಗಳಿದರೂ ಬೈದರೂ ಒಂದೇ ಧ್ವನಿ. ಇರ್ಫಾನ್ ನನ್ನ ಹಾಗೇ ಫೆಲೋಶಿಪ್ ಮೇಲಿದ್ದವನು, ಮೈಸೂರಿನ ಮಂಡಿ ಮೊಹಲ್ಲಾದವನು, ನನಗಿಂತ ಕಿರಿಯ, ಆಗ ಇದ್ದದ್ದು ಮೇರಿಲ್ಯಾಂಡ್‌ನಲ್ಲೇ. ಇಡೀ ತಂಡದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮಂಗಳದ ಒಂದು ದಿನಕ್ಕೆ ನಮ್ಮ ಕಸುಬಿನಲ್ಲಿ ಸೋಲ್ ಅನ್ನುತ್ತಾರೆ. ಅದು ನಮ್ಮ ದಿನಕ್ಕಿಂತ ಸ್ವಲ್ಪ ಉದ್ದ, ಹಾಗಾಗಿ ಎರಡು ಲೆಕ್ಕ ಯಾವತ್ತೂ ಹೊಂದುವುದಿಲ್ಲ. "ಓದಿ ಓದಿ ಕೊನೆಗೆ ದಿನಾ ಸೋಲು ಎಣಿಸೋ ಕೆಲಸ ಸಿಕ್ತು ನೋಡಿ" ಎಂದು ಇರ್ಫಾನ್ ನಗಿಸುತ್ತಿದ್ದ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಹೊಸದೇನಾದರೂ ಕಂಡೆ ಎಂದರೆ, ಅದನ್ನು ಮುರಿದು ಹಾಕುವ ಕೆಲಸ ಇನ್ನೊಬ್ಬರಿಗೆ. ಅವರು ಹುಳುಕು ಹುಡುಕಿಯೇ ಹುಡುಕಬೇಕು. ಸೋತು ಕೈಚೆಲ್ಲಿದ ಮೇಲಷ್ಟೇ ಅದು ಹೊರಗೆ ಹೋಗುವುದು. ಇದಕ್ಕೆ ಇರ್ಫಾನ್ ಇಟ್ಟ ಹೆಸರು ಅತ್ತೆ ಕೆಲಸ. ಹೊಸ ಸೊಸೆ ಏನು ಮಾಡಿದರೂ ಉಪ್ಪು ಹೆಚ್ಚು, ಖಾರ ಕಡಿಮೆ ಅನ್ನುವುದು. ಅದು ತಂಡಕ್ಕೆಲ್ಲ ಹಬ್ಬಿ, ಡಯಾನ್ ಕೂಡ ಮೀಟಿಂಗಿನಲ್ಲಿ ಗಂಭೀರವಾಗಿ "ಇದಕ್ಕೆ ಅತ್ತೆ ಯಾರು?" ಎಂದು ಕೇಳುವಂತಾಯಿತು. ಆಕೆಯ ಬಾಯಲ್ಲಿ ಅದು 'ಆಟೆ' ಆಗುತ್ತಿತ್ತು. ಅತ್ತೆ ಒಪ್ಪಿದರೆ ಹೇಳಬೇಕಾದ ಮಾತೂ ಇತ್ತು: "ಸೇರು ಇಡಿ." ಅಂದರೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡಿ, ಸೊಸೆ ಒದ್ದು ಒಳಗೆ ಬರಲಿ. ಪಕ್ಕದ ಮನೆಯ ಮದುವೆಗಳಲ್ಲಿ ಇದನ್ನು ನೋಡಿ ಬೆಳೆದವನು ಇರ್ಫಾನ್. ನಾನು ಆ ಮಾತನ್ನು ಹೇಳಿದ್ದು ಬಹಳ ಅಪರೂಪ, ಹಾಗಾಗಿ ಅವನು ನನ್ನನ್ನು ಅತ್ತೆಮ್ಮ ಎಂದೇ ಕರೆಯಲು ಶುರುಮಾಡಿದ.

ಮೇ ತಿಂಗಳಲ್ಲಿ ಇರ್ಫಾನನ ಕಡೆಯಿಂದ ಅಂಥ ಒಬ್ಬ ಸೊಸೆ ಬಂದಳು. ಹಲವು ಕಂಪನಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿದಾಗ, ತಿರುಳಿನಿಂದ ಮರಳಿದ ಅಲೆಗೆ ಸ್ವಲ್ಪ ಮೊದಲು ಇನ್ನೊಂದು ಸಣ್ಣ ಉಬ್ಬು ಕಂಡಿತು. ತಿರುಳಿಗೂ ಮೇಲಿನ ಕಲ್ಲಿಗೂ ನಡುವೆ ಕರಗಿದ ಕಲ್ಲಿನ ತೆಳು ಪದರವೊಂದಿದ್ದರೆ ಹಾಗಾಗಬೇಕು. ನಿಜವಾದರೆ ದೊಡ್ಡ ಸುದ್ದಿ. ಅವನಿಗಂತೂ ಅದಕ್ಕಿಂತ ದೊಡ್ಡದು. ಅವನ ಫೆಲೋಶಿಪ್ ಬೇಸಿಗೆಯ ಕೊನೆಗೆ ಮುಗಿಯುವುದರಲ್ಲಿತ್ತು, ಅದರ ಜೊತೆ ವೀಸಾ. ಹೆಂಡತಿ ಶಬಾನಾ ಗರ್ಭಿಣಿ. ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಹುದ್ದೆಗೆ ಆಗಸ್ಟ್‌ನಲ್ಲಿ ಅವನ ಸಂದರ್ಶನ. ಆ ಉಬ್ಬು ಪರೀಕ್ಷೆಗೆ ನಿಂತರೆ ಆ ಕೆಲಸ ಬಹುಪಾಲು ಅವನದೇ. "ಅತ್ತೆ ಯಾರು?" ಎಂದರು ಡಯಾನ್. ಎಲ್ಲರೂ ನನ್ನ ಚೌಕದ ಕಡೆ ನೋಡಿದ್ದು ಜೂಮ್‌ನಲ್ಲೂ ಗೊತ್ತಾಯಿತು.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಅದೇ ಹುದ್ದೆಗೆ ನಾನೂ ಅಪ್ಲೈ ಮಾಡಿದ್ದೆ, ಸಂದರ್ಶನಕ್ಕೆ ಕರೆ ಬಂದಿರಲಿಲ್ಲ. ಗೊತ್ತಿದ್ದದ್ದು ಸತೀಶನಿಗೆ, ಮತ್ತು ನನಗೆ ಶಿಫಾರಸು ಬರೆದ ಡಯಾನ್‌ಗೆ.

ಅತ್ತೆ ಕೆಲಸ ಶುರುಮಾಡಿದೆ. ಮೊದಲ ಅನುಮಾನ ಗಾಳಿಯ ಮೇಲೆ, ಎರಡನೆಯದು ಲೋಹದ ಟಿಕ್ ಮೇಲೆ. ಎರಡಕ್ಕೂ ಇರ್ಫಾನ್ ಮುಂಚಿತವಾಗಿಯೇ ಉತ್ತರ ಇಟ್ಟುಕೊಂಡಿದ್ದ. ಉತ್ತರಗಳು ಅಷ್ಟು ಸಿದ್ಧವಾಗಿ ಬಂದದ್ದೇ ನನಗೆ ಹಿಡಿಸಲಿಲ್ಲ. ಉಬ್ಬು ಎಲ್ಲಿ ಬರಬೇಕೆಂದು ಡಯಾನ್ ವರ್ಷಗಳ ಹಿಂದೆಯೇ ಲೆಕ್ಕ ಹಾಕಿದ್ದರೋ ಸರಿಯಾಗಿ ಅಲ್ಲೇ ಬಂದು ಕೂತಿತ್ತು. ಆ ಪದರದ ಮೇಲೆ ಡಯಾನ್‌ಗೆ ಹಳೆಯ ಮೋಹ. ಯಜಮಾನಿಗೆ ಇಷ್ಟವಾದದ್ದೇ ಗ್ರಹದ ಹೊಟ್ಟೆಯಲ್ಲಿ ಸಿಕ್ಕಿಬಿಟ್ಟರೆ ಅನುಮಾನ ಬಾರದೆ ಇರುತ್ತದೆಯೇ?

ಆ ಜೂನ್‌ನಲ್ಲಿ ಕ್ಯಾರಿಯ ಕನ್ನಡದವರು ಮನೆಮನೆಯ ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ಸರೋಜಾ ಆಂಟಿ ಸಿಕ್ಕರು. ಮಗನ ಮನೆಗೆ ಬಂದು ಆರು ತಿಂಗಳಿರುವವರು. ನನ್ನನ್ನು ಬದಿಗೆ ಕರೆದು, "ನೀನು ಮಂಗಳನ್ನ ಸ್ಟಡಿ ಮಾಡ್ತೀಯಂತೆ. ನಮ್ಮ ಮೊಮ್ಮಗಳಿಗೆ ಕುಜ ದೋಷ ಇದೆ ಅಂತಾರೆ, ನಿಜವಾಗ್ಲೂ ಏನಾದ್ರೂ ಇರತ್ತಾ?" ಎಂದರು.

"ನಿಮ್ಮ ಮೊಮ್ಮಗಳದ್ದು ಗೊತ್ತಿಲ್ಲ ಆಂಟಿ. ಕುಜನದೇ ದೋಷ ಹುಡುಕೋದು ನನ್ನ ಕೆಲಸ."

"ಸಿಕ್ತಾ?"

"ಇನ್ನೂ ಇಲ್ಲ. ಅದೇ ಯೋಚನೆ."

ಅವರು ನನ್ನನ್ನು ಕನಿಕರದಿಂದ ನೋಡಿ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದರು.

ಜುಲೈ ಬಂತು. ಮಧ್ಯಾಹ್ನ ಬೇಯಿಸುವ ಸೆಕೆ, ಸಂಜೆಯಾದರೆ ಗುಡುಗು ಮಳೆ, ಮಳೆ ನಿಂತರೆ ಜೀರುಂಡೆಗಳ ಗಲಾಟೆ. ಇರ್ಫಾನನ ಫೋನ್ ಕಡಿಮೆಯಾಯಿತು. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕೂರುತ್ತಿದ್ದ. ನಾನು ಏನನ್ನೋ ಹುಡುಕುತ್ತಿದ್ದೇನೆ ಎಂದು ಅವನಿಗೆ ಅನುಮಾನ, ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ನನಗೆ. ಇದರ ನಡುವೆ ನನ್ನ ಮೇಲೇ ನನಗೆ ಅನುಮಾನ. ಅಟ್ಲಾಂಟಾದ ಕೆಲಸ ನನಗೆ ಬೇಕಾಗಿದ್ದರಿಂದ ಇಷ್ಟು ಕೆದಕುತ್ತಿದ್ದೇನೆಯೇ? "ನೀನು ಬೇರೆ ಯಾರಿಗಾದ್ರೂ ಆದ್ರೆ ಇಷ್ಟೊಂದು ಚೆಕ್ ಮಾಡ್ತಿದ್ಯಾ?" ಎಂದು ಸತೀಶ ಕೇಳಿದ. ಮಾಡುತ್ತಿದ್ದೆ ಎಂದೆ. ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ.

ಕೊನೆಗೆ ಮಾಡಲು ಬೇರೇನೂ ಉಳಿಯದೆ, ಕಂಪನಗಳನ್ನು ಬಿಟ್ಟು ಅವುಗಳ ಹಿಂದಿನ ಗಾಳಿಯನ್ನೇ ನೋಡತೊಡಗಿದೆ. ಪ್ರತಿ ದಾಖಲೆಯಲ್ಲೂ ಕಂಪನ ಬರುವ ಮೊದಲು ಒಂದಷ್ಟು ಹೊತ್ತು ಬರೀ ಗಾಳಿಯ ಗೊರಗೊರ ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಒಂದು ಮಧ್ಯಾಹ್ನ, ಹೊರಗೆ ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಮೆಷಿನ್ ಅರಚುತ್ತಿದ್ದಾಗ, ಎರಡು ಬೇರೆ ಬೇರೆ ದಿನಗಳ ಗಾಳಿ ಕಣ್ಣಿಗೆ ಬಿತ್ತು. ಒಂದರಲ್ಲಿ ಕಂಪನ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಆದರೆ ಗಾಳಿ ಒಂದೇ. ಪ್ರತಿ ಏರು, ಪ್ರತಿ ಇಳಿತ, ಒಂದು ಎಳೆಯೂ ಬಿಡದೆ ಒಂದೇ. ಗಾಳಿ ಯಾವ ಲೋಕದಲ್ಲೂ ಎರಡು ಸಲ ಹಾಗೇ ಬೀಸುವುದಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಒಂದೇ.

ನನಗೆ ತಕ್ಷಣ ಹೊಳೆಯಿತು. ತಂಡದವರು ಎಚ್ಚರವಾಗಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಲು ಡಯಾನ್ ಹಿಂದೊಮ್ಮೆ ಸುಳ್ಳು ಕಂಪನಗಳನ್ನು ತಯಾರಿಸಿ, ಸದ್ದಿಲ್ಲದ ಯಾವುದೋ ದಿನದ ಗಾಳಿಯನ್ನು ನಕಲು ಮಾಡಿ, ಅದರ ಮೇಲೆ ಕೂರಿಸಿ, ನಮ್ಮ ದಾಖಲೆಗಳ ನಡುವೆ ನೆಟ್ಟಿದ್ದರು. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಕಿತ್ತುಹಾಕಿದ್ದೇನೆ ಎಂದಿದ್ದರು. ಒಂದು ಉಳಿದುಕೊಂಡಿತ್ತು. ಆ ಸುಳ್ಳು ಕಂಪನವನ್ನು ತಯಾರಿಸುವಾಗ ಅವರು ತಮಗಿಷ್ಟವಾದ ಪದರವನ್ನೂ ಸೇರಿಸಿದ್ದರು. ಇರ್ಫಾನ್ ಪೇರಿಸಿದ ಕಂಪನಗಳಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದದ್ದು ಅದೇ. ಅಂದರೆ ಅವನು ಗ್ರಹದ ಹೊಟ್ಟೆಯಲ್ಲಿ ಕಂಡದ್ದು ಡಯಾನ್ ಅಲ್ಲಿಟ್ಟ ವಸ್ತುವನ್ನೇ. ನಮ್ಮಮ್ಮ ಇದ್ದಿದ್ದರೆ ಮೊದಲೇ ಕೇಳುತ್ತಿದ್ದಳು, ಯಾವ ಗಣೀದು ಎಂದು.

ಇದು ನಿಜವಾಗಿಯೂ ಮರೆವೇ? ನಮ್ಮಿಬ್ಬರಲ್ಲಿ ಯಾರು ಕಂಡುಹಿಡಿಯುತ್ತಾರೆ ನೋಡೋಣ ಎಂದು ಡಯಾನ್ ಬೇಕೆಂದೇ ಬಿಟ್ಟರೇ? ಅಥವಾ ಇರ್ಫಾನನಿಗೆ ಗೊತ್ತಿದ್ದೂ ಸುಮ್ಮನಿದ್ದಾನೆಯೇ? ಪದ್ಧತಿಯ ಪ್ರಕಾರ ಅತ್ತೆಯ ದೂರು ಮೊದಲು ಹೆಣ್ಣಿನ ಕಡೆಯವರಿಗೆ ಹೋಗಬೇಕು. ಇರ್ಫಾನನಿಗೆ ಫೋನ್ ಮಾಡಿದೆ. ಅವನ ಸಂದರ್ಶನಕ್ಕೆ ಒಂದು ವಾರವೂ ಉಳಿದಿರಲಿಲ್ಲ.

ಅವನು ಪೂರ್ತಿ ಕೇಳಿಸಿಕೊಂಡ.

"ಇಷ್ಟು ದಿನ ಬಿಟ್ಟು ಈಗ ಹೇಳ್ತಿದೀರಾ?"

"ಈಗ ಸಿಕ್ತು, ಈಗ ಹೇಳ್ತಿದೀನಿ."

"ನೀವೂ ಅಟ್ಲಾಂಟಾಗೆ ಅಪ್ಲೈ ಮಾಡಿದೀರಿ ಅಲ್ವಾ?"

"ಯಾರು ಹೇಳಿದ್ರು?"

"ಡಯಾನ್ ಬಾಯಿ ತಪ್ಪಿ ಅಂದ್ರು. ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ."

"ಹೇಳ್ಬೇಕು ಅನ್ನಿಸ್ಲಿಲ್ಲ ಇರ್ಫಾನ್. ಕರೆ ಬಂದಿರ್ಲಿಲ್ಲ, ನಾಚಿಕೆ ಆಯ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡೂ ಗಾಳಿ ಕಳಿಸ್ತೀನಿ, ನೀನೇ ನೋಡು."

ಅವನು ಫೋನ್ ಇಟ್ಟ. ಎರಡು ದಿನ ಉತ್ತರವಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮೂರನೆಯ ದಿನ ಸಂದೇಶ ಬಂತು: ಅಟ್ಲಾಂಟಾಗೆ ಕಾರಿನಲ್ಲಿ ಹೊರಟಿದ್ದೇನೆ, ದಾರಿಯಲ್ಲಿ ನಿಮ್ಮ ಮನೆಯಲ್ಲಿ ಊಟ ಮಾಡಬಹುದೇ?

ಬಂದ. ಮುಖ ಇಳಿದುಹೋಗಿತ್ತು. ಅನ್ನ ಹುಳಿ ಬಡಿಸಿದೆ. ತಲೆ ತಗ್ಗಿಸಿ ಉಂಡ. ಕೈ ತೊಳೆದು ಬಂದು ಹೇಳಿದ, "ಡಯಾನ್‌ನ ಕೇಳಿದೆ. ನೆಡೋವಾಗ ಎಲ್ಲಾನೂ ಸೋಲ್ ಲೆಕ್ಕದಲ್ಲಿ ನೆಟ್ಟಿದಾರೆ. ಕೀಳೋವಾಗ ಒಂದಕ್ಕೆ ಮಾತ್ರ ನಮ್ಮ ದಿನದ ನಂಬರ್ ಹೊಡೆದಿದಾರೆ. ಕಂಪ್ಯೂಟರು ಯಾವ್ದೋ ಖಾಲಿ ದಿನಾನ ಅಳಿಸಿ ಸುಮ್ನಾಗಿದೆ. ಇದು ಅಲ್ಲೇ ಉಳ್ಕೊಂಡಿದೆ." ಕೈ ಒರೆಸಿಕೊಳ್ಳುತ್ತಾ, "ಸೋಲ್‌ನಿಂದಲೇ ಸೋತೆ ಅತ್ತೆಮ್ಮ" ಎಂದ. ಅತ್ತೆಮ್ಮ ಅಂದನಲ್ಲ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

ಅದೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸುಳ್ಳು ಕಂಪನವನ್ನು ತೆಗೆದುಹಾಕಿ, ಉಳಿದವನ್ನು ಮತ್ತೆ ಪೇರಿಸಿದೆವು. ಉಬ್ಬು ಕರಗಿತು. ಆದರೆ ಪೂರ್ತಿ ಹೋಗಲಿಲ್ಲ. ಡಯಾನ್ ಲೆಕ್ಕ ಹಾಕಿದ ಜಾಗಕ್ಕಿಂತ ಸ್ವಲ್ಪ ಆಚೆ, ಇದೆಯೋ ಇಲ್ಲವೋ ಅನ್ನುವಷ್ಟು, ಒಂದು ಸಣ್ಣ ಏರು. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆವು. ಯಜಮಾನಿ ಹೇಳಿದ ಜಾಗದಲ್ಲಿ ಇಲ್ಲದ್ದರಿಂದ ಅದು ನಿಜವಿರಬಹುದು. ಇಷ್ಟು ಸಣ್ಣದಾದ್ದರಿಂದ ಏನೂ ಇಲ್ಲದೆಯೂ ಇರಬಹುದು.

"ಸೇರು ಇಡ್ತೀರಾ?" ಎಂದ.

"ಇಡಲ್ಲ."

"ಹುಳುಕು ಏನಿದೆ ಹೇಳಿ."

"ಸಿಕ್ಕಿಲ್ಲ. ಆದ್ರೂ ಇಡಲ್ಲ. ಗೊತ್ತಿಲ್ಲ ಇರ್ಫಾನ್."

"ಹಾಗಾದ್ರೆ ಅಲ್ಲಿ ಏನು ತೋರಿಸ್ಲಿ? ಗೊತ್ತಿಲ್ಲ ಅಂತಾನಾ? ಗೊತ್ತಿಲ್ಲ ಅನ್ನೋನಿಗೆ ಯಾರು ಕೆಲಸ ಕೊಡ್ತಾರೆ?" ಲ್ಯಾಪ್‌ಟಾಪ್ ಮುಚ್ಚಿದ. "ಹಳೇ ಚಿತ್ರ ತೋರಿಸಿದ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ."

ಅವನ ಕಾರು ತಿರುವಿನಲ್ಲಿ ಮರೆಯಾಗುವ ತನಕ ಡ್ರೈವ್‌ವೇಯಲ್ಲಿ ನಿಂತಿದ್ದೆ. ಆ ವಾರಾಂತ್ಯ ಪೂರ್ತಿ ನನ್ನ ಮನಸ್ಸು ಒಂದೇ ಕಡೆ: ತೋರಿಸುತ್ತಾನೆ. ಹೊಟ್ಟೆಯಲ್ಲಿ ಮಗು ಹೊತ್ತ ಹೆಂಡತಿ, ಮುಗಿಯುತ್ತಿರುವ ವೀಸಾ, ಚೀಲದಲ್ಲಿ ಚೆಂದದ ಚಿತ್ರ. ಯಾರಾದರೂ ತೋರಿಸುತ್ತಾರೆ. ನಾನಾಗಿದ್ದರೂ ತೋರಿಸುತ್ತಿದ್ದೆನೋ ಏನೋ. ಡಯಾನ್‌ಗೆ ಬರೆಯೋಣವೆಂದು ಕೂತೆ, ಮತ್ತೆ ಎದ್ದೆ. ಸತೀಶ ಕಾಫಿ ತಂದುಕೊಟ್ಟ. ಅದರಲ್ಲೂ ಸಕ್ಕರೆ ಹಾಕಿದ್ದಾನೋ ಎಂದು ಚಮಚದಿಂದ ಕೆದಕಿ ನೋಡಿದೆ.

ಮುಂದಿನ ವಾರ ಅಟ್ಲಾಂಟಾದಿಂದ ಫೋನ್ ಬಂತು. ಮಾತಾಡಿದವರು ಆ ವಿಭಾಗದ ಮುಖ್ಯಸ್ಥರು. ಇರ್ಫಾನ್ ತನ್ನ ಭಾಷಣವನ್ನು ಎರಡು ಗಾಳಿಗಳಿಂದಲೇ ಶುರುಮಾಡಿದನಂತೆ. ಹಳೆಯ ಚಿತ್ರ ತೋರಿಸಿ, ಇದು ಸುಳ್ಳು ಎಂದು ಹೇಳಿ, ಹೇಗೆ ಮೋಸ ಹೋದೆ ಎಂದು ವಿವರಿಸಿ, ಕೊನೆಯಲ್ಲಿ ಆ ಸಣ್ಣ ಏರನ್ನು ತೋರಿಸಿ, ನಮ್ಮ ಅತ್ತೆ ಇದನ್ನು ಇನ್ನೂ ಒಪ್ಪಿಲ್ಲ ಎಂದನಂತೆ. ಅತ್ತೆ ಅಂದರೆ ಏನೆಂದು ಸಭೆ ಕೇಳಿತಂತೆ. ಅವನು ನನ್ನ ಹೆಸರು ಹೇಳಿದನಂತೆ. ನಿಮ್ಮ ಅರ್ಜಿ ನಮ್ಮ ಬಳಿ ಇದೆ, ಒಮ್ಮೆ ಬಂದು ಮಾತಾಡುತ್ತೀರಾ ಎಂದು ಅವರು ಕೇಳಿದರು. ನಾನು ಹೂಂ ಎಂದೆನೋ ಊಹೂಂ ಎಂದೆನೋ ನೆನಪಿಲ್ಲ. ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟೂ ದಿನ ನಾನು ಇರ್ಫಾನನ ಮೇಲೆ ಸುಮ್ಮನೆ ಅನುಮಾನ ಪಟ್ಟಿದ್ದೆ.

ಇರ್ಫಾನನಿಗೆ ಫೋನ್ ಮಾಡಿದೆ. "ನನ್ನನ್ನ ಕರೀತಿದಾರೆ."

"ಗೊತ್ತು. ನನಗೆ ಇಲ್ಲ ಅಂತ ತಿಳಿಸಿದ್ರು. ಹೋಗಿ ಬನ್ನಿ."

"ನಿನ್ನ ಕೆಲಸ ಅದು."

"ನಂದಾಗಿದ್ರೆ ನನಗೇ ಕೊಡ್ತಿದ್ರು. ಹೋಗಿ ಅತ್ತೆಮ್ಮ. ನೀವೂ ಹೋಗ್ಲಿಲ್ಲ ಅಂದ್ರೆ ನಾನು ನಿಜ ಹೇಳಿದ್ದು ದಂಡ." ಆ ಮಾತಿನಲ್ಲಿ ಕಹಿ ಇತ್ತೇ, ಇದ್ದರೆ ಎಷ್ಟು, ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ಹೋದೆ, ಕೆಲಸ ಸಿಕ್ಕಿತು, ಅಟ್ಲಾಂಟಾಗೆ ಮನೆ ಬದಲಾಯಿಸಿದೆವು. ಇರ್ಫಾನ್ ಶಬಾನಾಳ ವೀಸಾದ ನೆರಳಿಗೆ ಬಂದ. ಆಕೆ ಔಷಧ ಕಂಪನಿಯಲ್ಲಿ ಕೆಲಸ ಮಾಡುವವಳು. ಮಗಳು ಹುಟ್ಟಿದ ಮೇಲೆ ಆಕೆಯನ್ನು ಟ್ರಯಾಂಗಲ್ ಪಾರ್ಕ್‌ಗೆ ವರ್ಗ ಮಾಡಿದರು. ಹೀಗೆ ನಾವು ಬಿಟ್ಟ ಕ್ಯಾರಿಗೆ ಅವರು ಬಂದರು. ಆ ವೀಸಾದಲ್ಲಿ ಅವನು ಕೆಲಸ ಮಾಡುವಂತಿಲ್ಲ, ಮನೆಯಲ್ಲಿದ್ದು ಮಗು ನೋಡಿಕೊಂಡ. ೨೦೨೨ರ ಡಿಸೆಂಬರ್‌ನಲ್ಲಿ ಮಂಗಳದ ಯಂತ್ರ ಧೂಳಿನಡಿ ಸುಮ್ಮನಾಯಿತು. ಆಮೇಲೆ ಆ ಪದರದ ಮಾತನ್ನು ಬೇರೆಯವರೂ ಎತ್ತಿದರು. ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ನಾವಿಬ್ಬರೂ ಹಬ್ಬಕ್ಕೊಮ್ಮೆ ಶುಭಾಶಯ ಕಳಿಸಿಕೊಂಡು ಮಿಕ್ಕ ಮಾತು ಬಿಟ್ಟಿದ್ದೆವು.

ಹೀಗಿರುವಾಗ ಈ ಏಪ್ರಿಲ್‌ನಲ್ಲಿ ಅವನೇ ಕರೆದ. ಬಾಗಿಲು ತೆಗೆದದ್ದು ಶಬಾನಾ. ಕಾಲಿಗೆ ಅಂಟಿಕೊಂಡ ಮಗಳು ನನ್ನನ್ನು ನೋಡಿ "ಹೂ ಈಸ್ ದಿಸ್?" ಎಂದಳು.

"ಅತ್ತೆ" ಎಂದ ಇರ್ಫಾನ್ ಒಳಗಿನಿಂದ.

ಚಹಾ ಬರುವ ಮೊದಲೇ ಲ್ಯಾಪ್‌ಟಾಪ್ ನನ್ನ ಮುಂದಿಟ್ಟ. ಯಂತ್ರದ ದಾಖಲೆಗಳು ಯಾರು ಬೇಕಾದರೂ ಪಡೆಯಬಹುದಾದಂಥವು. ಇಷ್ಟು ವರ್ಷ ಮಗಳು ಮಲಗಿದಾಗಲೆಲ್ಲ ಕೂತು, ಎಲ್ಲರೂ ಬಿಸಾಡಿದ ದುರ್ಬಲ ಕಂಪನಗಳನ್ನು ಒಂದೊಂದಾಗಿ ಶುದ್ಧ ಮಾಡಿ ಪೇರಿಸಿದ್ದಾನೆ. ಆ ಸಣ್ಣ ಏರು ಅಲ್ಲೇ ಇತ್ತು, ಅದೇ ಜಾಗದಲ್ಲಿ. ಈಗ ಅದಕ್ಕೆ ಭುಜ ಬಂದಿತ್ತು, ಬೆನ್ನು ಬಂದಿತ್ತು.

"ಡಯಾನ್‌ಗೆ ತೋರಿಸಿದ್ಯಾ?"

"ಇಲ್ಲ. ಅವರಿಗೆ ಇಷ್ಟ ಆಗ್ಬಿಡತ್ತೆ." ಪರದೆಯನ್ನು ನನ್ನ ಕಡೆ ಇನ್ನಷ್ಟು ತಿರುಗಿಸಿ ಹೇಳಿದ, "ಬೇರೆ ಯಾರು ಚೆನ್ನಾಗಿದೆ ಅಂದ್ರೂ ನನಗೆ ನಂಬಿಕೆ ಬರಲ್ಲ ಅತ್ತೆಮ್ಮ. ಕೆಲಸ ನಿಮಗೆ ಹೋಯ್ತು, ಪರವಾಗಿಲ್ಲ. ಅನುಮಾನ ನನಗೆ ಬೇಕು."

ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ ಮೊದಲು ಗಾಳಿಗಳನ್ನು ತೆಗೆದೆ. ಒಂದನ್ನು ಇನ್ನೊಂದರ ಮೇಲಿಟ್ಟು, ಎಲ್ಲವನ್ನೂ ಎಲ್ಲದರ ಜೊತೆ ಹೊಂದಿಸಿ ನೋಡಿದೆ. ಚಹಾ ಆರಿತು. ಶಬಾನಾ ಬಿಸಿ ಮಾಡಿ ತಂದಳು, ಅದೂ ಆರಿತು. ಲೋಹದ ಟಿಕ್ ನೋಡಿದೆ. ಸೋಲ್ ಲೆಕ್ಕವನ್ನು ನಮ್ಮ ದಿನದ ಲೆಕ್ಕದ ಪಕ್ಕದಲ್ಲಿಟ್ಟು ಮತ್ತೆ ಮತ್ತೆ ಹೋಲಿಸಿದೆ. ಇರ್ಫಾನ್ ಕಿಟಕಿಯ ಬಳಿ ನನಗೆ ಬೆನ್ನು ಹಾಕಿ, ಹಳದಿ ಪುಡಿ ಕೂತ ಕಾರನ್ನು ನೋಡುತ್ತಾ ನಿಂತಿದ್ದ. ಮಧ್ಯಾಹ್ನ ಇಳಿಯಿತು. ಯಾವ ಗಾಳಿಯೂ ಎರಡು ಸಲ ಬೀಸಿರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದೆ. ಅವನು ತಿರುಗಲಿಲ್ಲ.

"ಶಬಾನಾ," ಎಂದೆ, "ಮನೇಲಿ ಸೇರು ಇದ್ಯಾ?"